ಇರುಳಿನ ಪ್ರಾಣಿಯನ್ನು ಕಲ್ಪಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇವತ್ತು ಇರುವ ಒಂದು ಜೀವಿ ಲಕ್ಷಾಂತರ ವರ್ಷಗಳ ನಂತರ ಏನಾಗಬಹುದು? ಜೀವಶಾಸ್ತ್ರದ ನಿಯಮ ಮುರಿಯದೆ ಇದನ್ನು ಊಹಿಸುವ ಕೆಲಸವೇ ಕಲ್ಪಿತ ವಿಕಾಸ. ಇದಕ್ಕೆ ಕೈ ಹಾಕಿದವರು ಒಂದಲ್ಲ ಒಂದು ಸಲ ರಾತ್ರಿ ಪ್ರಾಣಿಯ ಹತ್ತಿರ ಬಂದೇ ಬರುತ್ತಾರೆ. ಇಲ್ಲಿನ ಉತ್ತರಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ. ಅದು ನಮ್ಮ ಹಿತ್ತಲಿನಲ್ಲಿ ಓಡಾಡುವ ಮೂರು ಗೆರೆಯ ಅಳಿಲು. ಮನುಷ್ಯರಿಲ್ಲದ ಮಲೆನಾಡು ಮತ್ತು ಅದರ ಅಂಚಿನ ಒಣ ಕಾಡು, ಇವತ್ತಿಗೆ 50 ಲಕ್ಷ ವರ್ಷಗಳ ಮುಂದೆ. ಅಳಿಲಿನ ಒಂದು ಕವಲು ರಾತ್ರಿಗೆ ಹೊರಳಿದೆ ಅಂದುಕೊಳ್ಳೋಣ. ಹೆಸರು ಇರುಳಳಿಲು.

ಮೊದಲು ಕಣ್ಣು ಬರೆಯಬೇಕು ಅಲ್ವಾ?

ಮೊದಲು ಪೂರ್ವಜನನ್ನು ಗೊತ್ತುಮಾಡಿಕೊಳ್ಳಿ. ಕಣ್ಣು ಹೇಗಿರಬೇಕು ಅನ್ನೋದನ್ನು ಅರ್ಧಕ್ಕರ್ಧ ಆ ಪೂರ್ವಜನೇ ಹೇಳಿಬಿಡುತ್ತದೆ.

ಎರಡು ನಿಜವಾದ ಪ್ರಾಣಿಗಳನ್ನು ನೋಡಿ. ತುಮಕೂರಿನ ಕಡೆ ಕುರುಚಲು ಕಾಡಿನಲ್ಲಿ ಕಾಡುಪಾಪ ಇದೆ. ಟಾರ್ಚ್ ಬೆಳಕು ಬಿದ್ದರೆ ಅದರ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಕಣ್ಣಿನೊಳಗೆ ಬೆಳಕು ಹಿಡಿಯುವ ಪರದೆ, ಅಂದರೆ ರೆಟಿನಾದ ಹಿಂದೆ ಕನ್ನಡಿಯಂಥ ಒಂದು ಪದರ ಇದೆ. ಒಮ್ಮೆ ತಪ್ಪಿಸಿಕೊಂಡ ಬೆಳಕನ್ನು ಅದು ಮತ್ತೆ ರೆಟಿನಾಕ್ಕೆ ಕಳಿಸುತ್ತದೆ. ಫಿಲಿಪೈನ್ಸ್ ಮತ್ತು ಇಂಡೋನೇಷ್ಯಾದ ಟಾರ್ಸಿಯರ್, ಕೋತಿಗಳ ಬಳಗದ ಪುಟ್ಟ ಜೀವಿ, ಅದೂ ರಾತ್ರಿ ಪ್ರಾಣಿಯೇ. ತೂಕ ಹೆಚ್ಚುಕಡಿಮೆ ನಮ್ಮ ಅಳಿಲಿನಷ್ಟು. ಆದರೆ ಅದಕ್ಕೆ ಆ ಕನ್ನಡಿ ಇಲ್ಲ. ಅದರ ಪೂರ್ವಜರು ಹಗಲಿಗೆ ಬಂದು ಕನ್ನಡಿ ಕಳೆದುಕೊಂಡಿದ್ದವು, ಆಮೇಲೆ ಈ ವಂಶ ವಾಪಸ್ ರಾತ್ರಿಗೆ ಹೋಯಿತು ಅನ್ನೋದು ವಿಜ್ಞಾನಿಗಳ ವಿವರಣೆ. ಕಳೆದುಕೊಂಡದ್ದಕ್ಕೆ ಪರಿಹಾರವಾಗಿ ಕಣ್ಣೇ ದೊಡ್ಡದಾಯಿತು. ಸುಮಾರು 16 ಮಿ.ಮೀ. ಅಗಲದ ಒಂದೊಂದು ಕಣ್ಣೂ ಅದರ ಮಿದುಳಿನಷ್ಟು ಗಾತ್ರ. ಕಣ್ಣಿನ ಗೂಡಿನೊಳಗೆ ತಿರುಗಲು ಜಾಗವಿಲ್ಲ. ಹಾಗಾಗಿ ಟಾರ್ಸಿಯರ್ ಕಣ್ಣಿನ ಬದಲು ಕುತ್ತಿಗೆಯನ್ನೇ ತಿರುಗಿಸುತ್ತದೆ.

ಒಂದೇ ಕತ್ತಲು, ಒಂದೇ ಕೆಲಸ, ಎರಡು ಬೇರೆ ಉತ್ತರ. ಕಾರಣ ಅವುಗಳ ಹಿಂದಿನ ಚರಿತ್ರೆ. ನಿಮ್ಮ ಪ್ರಾಣಿಯೂ ಹೀಗೆ ಒಂದು ಸಾಲ ಹೊತ್ತುಕೊಂಡೇ ರಾತ್ರಿಗೆ ಬರಬೇಕು. ಆ ಸಾಲ ಕಾಣಿಸದಿದ್ದರೆ ಪ್ರಾಣಿ ಚೆನ್ನಾಗಿರಬಹುದು, ನಂಬಿಕೆ ಮಾತ್ರ ಹುಟ್ಟುವುದಿಲ್ಲ.

ಇರುಳಳಿಲಿನ ಸಾಲ ಇದು: ಅದರ ಪೂರ್ವಜ ಪಕ್ಕಾ ಹಗಲಿನ ಪ್ರಾಣಿ. ಕಣ್ಣಿನಲ್ಲಿ ಕನ್ನಡಿ ಪದರ ಇಲ್ಲ. ರೆಟಿನಾದಲ್ಲಿ ಹಗಲು ಬೆಳಕಿಗೆ ಬೇಕಾದ ಕೋನ್ ಕೋಶಗಳೇ ಜಾಸ್ತಿ. ಅನೇಕ ಹಗಲು ಅಳಿಲುಗಳ ಮಸೂರಕ್ಕೆ ತೆಳು ಹಳದಿ ಬಣ್ಣ ಕೂಡ ಇರುತ್ತದೆ. ಬಿಸಿಲಿಗೆ ಅದು ಒಳ್ಳೆಯದು, ಕತ್ತಲಲ್ಲಿ ಅದು ಬರೀ ನಷ್ಟ. ಮೊದಲು ಆ ಹಳದಿ ಹೋಗಬೇಕು, ಮಂದ ಬೆಳಕಿಗೆ ಬೇಕಾದ ರಾಡ್ ಕೋಶಗಳು ಹೆಚ್ಚಬೇಕು, ಕಣ್ಣು ಉಬ್ಬಬೇಕು.

ಪ್ರಾಣಿ ರಾತ್ರಿಗೆ ಯಾಕೆ ಹೋಗುತ್ತದೆ? ಸುಮ್ನೆ "ಇದು ರಾತ್ರಿ ಪ್ರಾಣಿ" ಅಂದರೆ ಸಾಲದಾ?

ಸಾಲದು. ಹಗಲಿಗೆ ಹೊಂದಿದ ದೇಹ ರಾತ್ರಿಯಲ್ಲಿ ಮೊದಮೊದಲು ಸೋಲುತ್ತದೆ. ಆ ಸೋಲನ್ನು ಮೀರಿಸುವ ಲಾಭ ಬೇಕು. ಹಗಲಿನ ಬೇಟೆಗಾರರ ಕಾಟ, ಮರುಭೂಮಿಯ ಬಿಸಿಲು, ರಾತ್ರಿ ಮಾತ್ರ ಸಿಗುವ ಊಟ, ಇವೆಲ್ಲ ಒಳ್ಳೆಯ ಕಾರಣಗಳು. ಸಸ್ತನಿಗಳ ಇಡೀ ವಂಶವೇ ಡೈನೋಸಾರ್ ಕಾಲದಲ್ಲಿ ರಾತ್ರಿಗೆ ಸರಿದು ಬದುಕಿತು ಅನ್ನುವ ವಾದವನ್ನು ಕಣ್ಣಿನ ವಿಕಾಸದ ಬಗ್ಗೆ ಬರೆದ ವಿಜ್ಞಾನಿ ಗಾರ್ಡನ್ ವಾಲ್ಸ್ 1942ರಲ್ಲೇ ಮುಂದಿಟ್ಟರು. 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳು ಅಳಿದ ಮೇಲೆ ಸಸ್ತನಿಗಳು ಹಗಲಿಗೆ ಹರಡಿಕೊಂಡವು.

ಈಗಿನ ಕಾಲಕ್ಕೆ ಕಥೆ ಕಟ್ಟುವವರಿಗೆ ಇನ್ನೊಂದು ಕಾರಣ ಇದೆ, ಮನುಷ್ಯ. 62 ಸಸ್ತನಿ ಜಾತಿಗಳ ಮಾಹಿತಿ ಒಟ್ಟುಗೂಡಿಸಿದ 2018ರ ಅಧ್ಯಯನದಲ್ಲಿ, ಜನರ ಕಾಟ ಇರುವ ಕಡೆ ಅವುಗಳ ರಾತ್ರಿ ಚಟುವಟಿಕೆ ಸರಾಸರಿ 1.36 ಪಟ್ಟು ಹೆಚ್ಚಿತ್ತು.

ಇರುಳಳಿಲಿಗೆ ನಾನು ಆರಿಸಿದ್ದು ಊಟ. ಇಪ್ಪೆ ಮರದ ಹೂವಿಗೆ ರಾತ್ರಿ ಬಾವಲಿಗಳು ಬರುತ್ತವೆ. ಸಿಹಿಯಾದ, ದಪ್ಪನೆಯ ಹೂವು ನೆಲಕ್ಕೆ ಉದುರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಬರುವ ಅಳಿಲಿಗೆ ಉಳಿದದ್ದು ಸಿಗುತ್ತದೆ. ಇನ್ನೂ ಸ್ವಲ್ಪ ಬೇಗ ಎದ್ದ ಅಳಿಲಿಗೆ ಹೂವಿನ ಜೊತೆ ಹೂವಿಗೆ ಬಂದ ಪತಂಗಗಳೂ ಸಿಗುತ್ತವೆ, ಗಿಡುಗ ಇನ್ನೂ ಎದ್ದಿರುವುದಿಲ್ಲ. ಮೊದಲು ನಸುಕಿಗೆ, ಆಮೇಲೆ ಇನ್ನೂ ಹಿಂದಕ್ಕೆ, ಹೀಗೆ ತಲೆಮಾರಿಗೆ ಒಂಚೂರು ಸರಿದರೆ ಸಾಕು. ಒಂದೇ ನೆಗೆತದಲ್ಲಿ ಮಧ್ಯರಾತ್ರಿಗೆ ತಂದು ನಿಲ್ಲಿಸಬೇಡಿ.

ಹಗಲಿಗೆ ಮರಕುಟಿಗ, ರಾತ್ರಿಗೆ ನನ್ನ ಪ್ರಾಣಿ. ಇಬ್ಬರಿಗೂ ಒಂದೇ ಹುಳ. ಸಮಯ ಬೇರೆಯಾದ್ದರಿಂದ ಜಗಳ ಇಲ್ಲ ಅಲ್ವಾ?

ಜಗಳ ಹಾಗೇ ಇರುತ್ತದೆ. ತುಂಬ ಕಲ್ಪಿತ ಕಾಡುಗಳು ಇಲ್ಲೇ ಎಡವುತ್ತವೆ. ತೊಗಟೆಯೊಳಗಿನ ಹುಳ ಹಗಲೂ ಅಲ್ಲೇ, ರಾತ್ರಿಯೂ ಅಲ್ಲೇ. ಸಂಜೆ ಮರಕುಟಿಗ ತಿಂದ ಹುಳ ರಾತ್ರಿ ನಿಮ್ಮ ಪ್ರಾಣಿಗೆ ಸಿಗುವುದಿಲ್ಲ. ಪಾಳಿ ಬದಲಾದರೂ ಬುತ್ತಿ ಒಂದೇ.

ಸಮಯ ಹಂಚಿಕೊಂಡರೆ ಲಾಭವಾಗುವುದು ಊಟವೂ ಸಮಯಕ್ಕೆ ತಕ್ಕಂತೆ ಬದಲಾದಾಗ. ಹಗಲು ಚಿಟ್ಟೆ, ರಾತ್ರಿ ಪತಂಗ. ಹಗಲು ಒಂದು ಹೂವು, ರಾತ್ರಿ ಇನ್ನೊಂದು. ಮಡಗಾಸ್ಕರಿನ ಆಯ್-ಆಯ್ ಅನ್ನುವ ಪ್ರಾಣಿ ರಾತ್ರಿ ಮರ ತಟ್ಟಿ, ಟೊಳ್ಳು ಸದ್ದು ಕೇಳಿ, ಹಲ್ಲಿನಿಂದ ಕೊರೆದು, ಕಡ್ಡಿಯಂಥ ನಡುಬೆರಳಿನಿಂದ ಹುಳ ಎಳೆಯುತ್ತದೆ. ಆದರೆ ಮಡಗಾಸ್ಕರಿನಲ್ಲಿ ಮರಕುಟಿಗವೇ ಇಲ್ಲ. ನ್ಯೂಗಿನಿಯಲ್ಲೂ ಇಲ್ಲ, ಅಲ್ಲಿ ಪಟ್ಟೆ ಪೋಸಮ್ ಅನ್ನುವ ಚೀಲದ ಪ್ರಾಣಿಗೆ ಇದೇ ಕೆಲಸಕ್ಕೆ ನಾಲ್ಕನೇ ಬೆರಳು ಉದ್ದವಾಗಿದೆ. ಪಶ್ಚಿಮ ಘಟ್ಟದಲ್ಲಿ ಮರಕುಟಿಗಗಳು ಬೇಕಾದಷ್ಟಿವೆ. ಅದಕ್ಕೇ ಇರುಳಳಿಲಿಗೆ ಆ ಕೆಲಸ ಕೊಡಲಿಲ್ಲ, ಹಲ್ಲು ಹೇಳಿ ಮಾಡಿಸಿದಂತಿದ್ದರೂ.

ಹಾಗೆಯೇ ಎತ್ತರದ ಕೊಂಬೆಗಳಲ್ಲಿ ರಾತ್ರಿ ಹಾರುಬೆಕ್ಕು, ಅಂದರೆ ಹಾರುವ ದೊಡ್ಡ ಅಳಿಲು, ಈಗಾಗಲೇ ಇದೆ. ನಮ್ಮದು ಕೆಳಗಿನ ಪೊದೆ ಮತ್ತು ನೆಲದ ಪ್ರಾಣಿ. ಊಟಕ್ಕೆ ಉದುರಿದ ಹೂವು, ಪತಂಗ, ಜೀರುಂಡೆ.

ರಾತ್ರಿ ಎಷ್ಟು ಕತ್ತಲು ಅಂತ ಲೆಕ್ಕ ಹಾಕೋದು ಹೇಗೆ?

ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್. ಹುಣ್ಣಿಮೆ ಬೆಳದಿಂಗಳು 0.2 ಲಕ್ಸ್ ಆಸುಪಾಸು. ಅಮಾವಾಸ್ಯೆಯ ನಕ್ಷತ್ರ ಬೆಳಕು 0.001 ಲಕ್ಸ್ ಆಸುಪಾಸು. ಅಂದರೆ ಬಿಸಿಲಿಗೂ ನಕ್ಷತ್ರ ಬೆಳಕಿಗೂ ಹತ್ತು ಕೋಟಿ ಪಟ್ಟು ವ್ಯತ್ಯಾಸ. ದಟ್ಟ ಕಾಡಿನ ನೆಲಕ್ಕೆ ಇಳಿಯುವುದು ಇದರಲ್ಲೂ ಸಣ್ಣ ಪಾಲು. ಮಳೆಮೋಡ ಇದ್ದರೆ ಇನ್ನೂ ಕಡಿಮೆ.

ಆದ್ದರಿಂದ "ರಾತ್ರಿ" ಅಂತ ಒಂದೇ ಪದದಲ್ಲಿ ಮುಗಿಸಬೇಡಿ. ಬಯಲಿನ ಹುಣ್ಣಿಮೆಯಾ, ಕಾಡಿನ ಅಮಾವಾಸ್ಯೆಯಾ ಅಂತ ಬರೆದುಕೊಳ್ಳಿ. 29.5 ದಿನದ ಚಂದ್ರನ ಸುತ್ತು ಅನೇಕ ಪ್ರಾಣಿಗಳ ದಿನಚರಿಯನ್ನೇ ಬದಲಿಸುತ್ತದೆ. ಎಷ್ಟೋ ಸಣ್ಣ ಇಲಿಗಳು ಬೆಳದಿಂಗಳಲ್ಲಿ ಬಯಲಿಗೆ ಬರಲು ಹೆದರುತ್ತವೆ. ಟಾರ್ಸಿಯರ್ ಉಲ್ಟಾ, ಬೆಳದಿಂಗಳಲ್ಲೇ ಹೆಚ್ಚು ಓಡಾಡುತ್ತದೆ. ಕಣ್ಣನ್ನು ನಂಬಿದ ಇರುಳಳಿಲು ಟಾರ್ಸಿಯರ್ ಕಡೆಗೇ ವಾಲಬೇಕು.

ಕಣ್ಣು ದೊಡ್ಡದಿಲ್ಲದ ರಾತ್ರಿ ಪ್ರಾಣಿ ಇರಬಹುದಾ?

ಖಂಡಿತ. ಚಿಪ್ಪುಹಂದಿಯ ಕಣ್ಣು ಎಷ್ಟು ಚಿಕ್ಕದು ನೋಡಿ. ಗೆದ್ದಲು, ಇರುವೆ ಹುಡುಕಲು ಅದಕ್ಕೆ ಮೂಗು ಸಾಕು. ನ್ಯೂಜಿಲೆಂಡಿನ ಕಿವಿ ಅನ್ನುವ ಹಕ್ಕಿಯ ಮೂಗಿನ ಹೊಳ್ಳೆ ಕೊಕ್ಕಿನ ತುದಿಯಲ್ಲೇ ಇದೆ, ಕಣ್ಣು ಸಣ್ಣದು. ದೊಡ್ಡ ಕಣ್ಣು ಬೇಕಾಗುವುದು ನೆಗೆಯುವ, ಹಾರುವ, ಓಡಿ ಹಿಡಿಯುವ ಪ್ರಾಣಿಗಳಿಗೆ.

ಕತ್ತಲಲ್ಲಿ ಬಣ್ಣ ಕಾಣುತ್ತದೆಯಾ?

ನಮಗೆ ಕಾಣದು. ಅದಕ್ಕೇ ಯಾರಿಗೂ ಕಾಣದು ಅಂದುಕೊಳ್ಳುತ್ತೇವೆ. ಆದರೆ ನಮ್ಮದೇ ಪಶ್ಚಿಮ ಘಟ್ಟದಲ್ಲಿ, ಮಹಾರಾಷ್ಟ್ರದ ಭೀಮಾಶಂಕರದ ಕಾಡಿನಲ್ಲಿ, ಮರ ಕೊರೆಯುವ ದುಂಬಿಯ ಒಂದು ಜಾತಿ ಚಂದ್ರನಿಲ್ಲದ ರಾತ್ರಿಯಲ್ಲೂ ಹಾರುತ್ತದೆ. ಅದರ ಹೆಸರು ಕ್ಸೈಲೋಕೋಪ ಟ್ರಾಂಕ್ವೆಬಾರಿಕಾ. ಅದು ನಕ್ಷತ್ರ ಬೆಳಕಿನಲ್ಲಿ ಬಣ್ಣ ನೋಡಿ ತನ್ನ ಗೂಡು ಗುರುತಿಸುತ್ತದೆ ಅಂತ ಹೇಮಾ ಸೋಮನಾಥನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೊರ್ಜೆಸ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಒಂದು ಹುಳು! ಆಕಾಶದ ಅಷ್ಟು ಚೂರು ಬೆಳಕಿನಲ್ಲಿ! ಇಂಥದ್ದು ಗೊತ್ತಾದಾಗ ನಮ್ಮ ಕಲ್ಪನೆಯೇ ಚಿಕ್ಕದು ಅನ್ನಿಸುತ್ತದೆ.

ಇರುಳಳಿಲಿಗೆ ನಾನು ಬಣ್ಣ ಕೊಡುವುದಿಲ್ಲ. ರಾಡ್ ಕೋಶಗಳಿಗೆ ಜಾಗ ಬೇಕಾದಾಗ ಬಣ್ಣ ಗುರುತಿಸುವ ಕೋನ್ ಕೋಶಗಳೇ ಬಿಟ್ಟುಕೊಡಬೇಕು. ನಿಮ್ಮ ಪ್ರಾಣಿ ಹೂವಿನ ಮೇಲೆಯೇ ಬದುಕುವುದಾದರೆ ಧಾರಾಳವಾಗಿ ಕೊಡಿ.

ಕಿವಿ ಹೇಗಿರಬೇಕು?

ಈ ಪ್ರಶ್ನೆಗೆ ಉದ್ದನೆಯ ಉತ್ತರ ಬೇಕು. ಮಲೆನಾಡಿನ ಮಟ್ಟಿಗೆ ಇಡೀ ವಿನ್ಯಾಸ ನಿಂತಿರುವುದೇ ಇದರ ಮೇಲೆ.

ಸದ್ದು ಎಲ್ಲಿಂದ ಬಂತು ಅಂತ ತಿಳಿಯಲು ಎರಡು ಕಿವಿಗೂ ಬರುವ ಸದ್ದಿನ ವ್ಯತ್ಯಾಸ ಬೇಕು. ತಲೆ ಚಿಕ್ಕದಾದರೆ ಆ ವ್ಯತ್ಯಾಸವೂ ಚಿಕ್ಕದು. ಹಾಗಾಗಿ ಸಣ್ಣ ತಲೆಯ ಸಸ್ತನಿಗಳು ತುಂಬ ಕೀಚಲು ಸದ್ದುಗಳನ್ನು ಕೇಳಿಸಿಕೊಳ್ಳುತ್ತವೆ. ನಮಗೆ 20 ಕಿಲೋಹರ್ಟ್ಸ್‌ವರೆಗೆ ಕೇಳಿಸಿದರೆ ಇಲಿಗೆ 80 ದಾಟಿಯೂ ಕೇಳಿಸುತ್ತದೆ. ಎಲೆಯ ಕೆಳಗೆ ಜೀರುಂಡೆ ಕಾಲು ಸರಿಸಿದ ಸರಸರ ಸದ್ದಿನಲ್ಲಿ ಈ ಕೀಚಲು ಅಂಶ ಇರುತ್ತದೆ. ಇರುಳಳಿಲಿನ ಕಿವಿ ಆ ಸದ್ದಿಗೆ ಹೊಂದಿಕೊಳ್ಳಬೇಕು. ಹೊರಗಿವಿ ತೆಳುವಾಗಿ, ಅಗಲವಾಗಿ, ಒಂದೊಂದೂ ಬೇರೆ ಬೇರೆ ತಿರುಗುವಂತಿರಲಿ. ಕಣಜ ಗೂಬೆಗೆ ಒಂದು ಕಿವಿ ಮೇಲೆ, ಇನ್ನೊಂದು ಕೆಳಗೆ ಇದೆ. ಅದರಿಂದ ಸದ್ದು ಎಷ್ಟು ಎತ್ತರದಿಂದ ಬಂತು ಅನ್ನೋದೂ ಗೊತ್ತಾಗುತ್ತದೆ, ಪೂರ್ತಿ ಕತ್ತಲಲ್ಲೂ ಇಲಿ ಹಿಡಿಯುತ್ತದೆ. ಕಿವಿ ತಿರುಗಿಸಬಲ್ಲ ಸಸ್ತನಿಗೆ ಆ ಉಪಾಯದ ಅಗತ್ಯ ಕಡಿಮೆ.

ಈಗ ಜುಲೈ ತಿಂಗಳನ್ನು ನೆನೆಸಿಕೊಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ರಾತ್ರಿಯಿಡೀ ಎಲೆಯ ಮೇಲೆ ಹನಿ, ಹನಿಯ ಮೇಲೆ ಹನಿ, ಅದರ ಜೊತೆ ಕಪ್ಪೆಗಳ ವಟವಟ. ಆ ಗದ್ದಲದಲ್ಲಿ ಜೀರುಂಡೆಯ ಕಾಲಿನ ಸದ್ದು ಯಾವ ಕಿವಿಗೂ ಸಿಗುವುದಿಲ್ಲ. ಮೇಲೆ ಮೋಡ, ಚಂದ್ರನಿಲ್ಲ. ಕಣ್ಣೂ ಇಲ್ಲ, ಕಿವಿಯೂ ಇಲ್ಲ ಅನ್ನುವಂಥ ತಿಂಗಳುಗಳು. ಪರದೇಶದ ಒಣ ಕಾಡಿನ ಪ್ರಾಣಿಯನ್ನು ನೋಡಿ ನಕಲು ಮಾಡಿದ ರಾತ್ರಿ ಪ್ರಾಣಿ ಇಲ್ಲಿ ಮೊದಲ ಮಳೆಗಾಲದಲ್ಲೇ ಸಾಯುತ್ತದೆ.

ನನಗೆ ಎರಡು ದಾರಿ ಕಾಣುತ್ತದೆ. ಒಂದು, ಮೀಸೆ ಮತ್ತು ಮೂಗು. ಉದ್ದ ಮೀಸೆಯಿಂದ ತರಗೆಲೆ ಕೆದಕುತ್ತ, ವಾಸನೆ ಹಿಡಿದು ಎರೆಹುಳು, ಗೊಬ್ಬರದ ಹುಳ ತಿನ್ನುವುದು. ಇನ್ನೊಂದು, ಮಳೆಗಾಲವನ್ನು ಅರೆನಿದ್ದೆಯಲ್ಲಿ ಕಳೆಯುವುದು. ಮೈಶಾಖ ಇಳಿಸಿ ವಾರಗಟ್ಟಲೆ ಮಲಗುವುದು ಬರೀ ಚಳಿ ದೇಶದ ಮಾತಲ್ಲ. ಮಡಗಾಸ್ಕರಿನ ದಪ್ಪಬಾಲದ ಕುಬ್ಜ ಲೀಮರ್ ಬಾಲದಲ್ಲಿ ಕೊಬ್ಬು ತುಂಬಿಕೊಂಡು ಮರದ ಪೊಟರೆಯಲ್ಲಿ ತಿಂಗಳುಗಟ್ಟಲೆ ಹೀಗೆ ಮಲಗುತ್ತದೆ. ಅಳಿಲಿನ ಕುಟುಂಬದಲ್ಲೇ ಮಾರ್ಮೋಟ್‌ನಂಥ ದೀರ್ಘನಿದ್ದೆಯ ನೆಂಟರಿದ್ದಾರೆ. ಇರುಳಳಿಲಿಗೆ ಎರಡನ್ನೂ ಸ್ವಲ್ಪ ಸ್ವಲ್ಪ ಕೊಟ್ಟಿದ್ದೇನೆ. ಇಪ್ಪೆ ಹೂವಿನ ಕಾಲದಲ್ಲಿ ಕೊಬ್ಬು ಕೂಡಿಹಾಕುತ್ತದೆ. ಜಡಿಮಳೆಯ ದಿನಗಳಲ್ಲಿ ಪೊಟರೆಯಲ್ಲಿ ಮಲಗುತ್ತದೆ. ಮಳೆ ಬಿಡುವು ಕೊಟ್ಟ ರಾತ್ರಿ ಎದ್ದು ಮೂಗಿನಿಂದ ಹುಡುಕುತ್ತದೆ.

ಬಾವಲಿ ಹಾಗೆ ಪ್ರತಿಧ್ವನಿಯಿಂದ ದಾರಿ ಹುಡುಕಬಹುದಾ?

ಆಗದ ಮಾತೇನಲ್ಲ. ಚೀನಾ, ವಿಯೆಟ್ನಾಂ ಕಡೆಯ ಟೈಫ್ಲೋಮಿಸ್ ಅನ್ನುವ ಮರ ಹತ್ತುವ ಪುಟ್ಟ ಇಲಿಗೆ ಕಣ್ಣು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅದು ಕೀಚಲು ಸದ್ದು ಮಾಡಿ ಪ್ರತಿಧ್ವನಿ ಕೇಳಿ ಕೊಂಬೆ ಹಿಡಿಯುತ್ತದೆ. 2021ರ ಸಂಶೋಧನೆ ಇದನ್ನು ಖಚಿತಪಡಿಸಿತು. ಆದರೆ ಕೀಚಲು ಸದ್ದು ಗಾಳಿಯಲ್ಲಿ ಬೇಗ ಕರಗುತ್ತದೆ, ದೂರ ಹೋಗುವುದಿಲ್ಲ. ದೊಡ್ಡ ಕಣ್ಣು, ದೊಡ್ಡ ಕಿವಿ, ಪ್ರತಿಧ್ವನಿ, ಚುರುಕು ಮೂಗು ನಾಲ್ಕನ್ನೂ ಒಂದೇ ಪ್ರಾಣಿಗೆ ಕೊಡುವ ಆಸೆ ಎಲ್ಲರಿಗೂ ಬರುತ್ತದೆ. ಮಿದುಳು, ನರ, ಶಕ್ತಿ ಎಲ್ಲಕ್ಕೂ ಬೆಲೆ ತೆರಬೇಕು. ಎರಡು ಇಂದ್ರಿಯ ಗಟ್ಟಿ ಮಾಡಿ, ಉಳಿದವು ಮಂದವಾಗಲಿ.

ಮೈ ಬಣ್ಣ ಕಪ್ಪೇ ಇರಬೇಕಾ? ಮೂರು ಗೆರೆ ಏನಾಗುತ್ತದೆ?

ಅಚ್ಚ ಕಪ್ಪು ಬೇಡ. ಬೆಳದಿಂಗಳು ಬಿದ್ದ ಒಣ ಎಲೆಯ ಮೇಲೆ ಅದು ಎದ್ದು ಕಾಣುತ್ತದೆ. ಬೂದು, ಮಾಸಲು ಕಂದು ಹೆಚ್ಚು ಕ್ಷೇಮ. ಬಿಳಿ ಬಣ್ಣವನ್ನೂ ತಳ್ಳಿಹಾಕಬೇಡಿ. ಕಣಜ ಗೂಬೆಗಳ ಬಗ್ಗೆ 2019ರಲ್ಲಿ ಬಂದ ಅಧ್ಯಯನದ ಪ್ರಕಾರ, ಹುಣ್ಣಿಮೆಯಲ್ಲಿ ಬಿಳಿ ಎದೆಯ ಗೂಬೆ ಕಂಡರೆ ಇಲಿಗಳು ಹೆಚ್ಚು ಹೊತ್ತು ಬೆಚ್ಚಿ ನಿಂತುಬಿಡುತ್ತವೆ. ಬೇಟೆ ಸಲೀಸಾಗುತ್ತದೆ.

ರಾಮ ಸವರಿದ ಗೆರೆಗಳನ್ನು ಅಳಿಸಲು ನನಗೆ ಮನಸ್ಸಿಲ್ಲ. ಆದರೆ ವಿಕಾಸ ನಮ್ಮ ಮನಸ್ಸು ಕೇಳುವುದಿಲ್ಲ. ಬೆನ್ನಿನ ಗೆರೆ ಮಸುಕಾಗಿ ಮರಿಗಳಲ್ಲಿ ಮಾತ್ರ ಉಳಿದಿದೆ ಅಂತ ಇಟ್ಟಿದ್ದೇನೆ. ಬಾಲದ ತುದಿ ಮಾತ್ರ ಬಿಳಿ. ಹಗಲಲ್ಲಿ ಅಳಿಲು ಬಾಲ ಕುಣಿಸಿ ಮಾತಾಡುತ್ತದಲ್ಲ, ಕತ್ತಲಲ್ಲಿ ಆ ಮಾತು ಕಾಣಬೇಕಾದರೆ ಇಷ್ಟಾದರೂ ಬೇಕು.

ಶತ್ರುಗಳಿಂದ ತಪ್ಪಿಸಿಕೊಳ್ಳುವುದು ಹೇಗೆ?

ರಾತ್ರಿಗೆ ಬಂದ ಕೂಡಲೇ ಗಿಡುಗ ಹೋಗಿ ಗೂಬೆ ಬರುತ್ತದೆ, ಜೊತೆಗೆ ಪುನುಗುಬೆಕ್ಕು, ಹಾವು. ಗೂಬೆ ಮುಂದೆ ಹಗಲಿನ "ಚಿಪ್ ಚಿಪ್" ಕೂಗು ಪ್ರಾಣಕ್ಕೇ ಕುತ್ತು. ಇಲ್ಲಿ ಅಳಿಲಿನ ನೆಂಟರೇ ಉತ್ತರ ಕೊಟ್ಟಿದ್ದಾರೆ. ಉತ್ತರ ಅಮೆರಿಕದ ರಿಚರ್ಡ್‌ಸನ್ ನೆಲ ಅಳಿಲು ನಮಗೆ ಕೇಳದಷ್ಟು ಕೀಚಲಾಗಿ, ಸುಮಾರು 50 ಕಿಲೋಹರ್ಟ್ಸ್‌ನಲ್ಲಿ, ಎಚ್ಚರಿಕೆಯ ಕೂಗು ಹಾಕುತ್ತದೆ. ಕಣಜ ಗೂಬೆಗೆ ಅಷ್ಟು ಕೀಚಲು ಸದ್ದು ಕೇಳುವುದೇ ಇಲ್ಲ. ಬೆಕ್ಕಿಗೆ ಕೇಳುತ್ತದೆ, ಅದೊಂದು ಅಪಾಯ ಹಾಗೇ ಉಳಿಯಲಿ.

ಹಾವಿನ ವಿಷಯ ಇನ್ನೂ ಸೊಗಸು. ಘಟ್ಟದ ಮಲಬಾರ್ ಪಿಟ್ ವೈಪರ್ ಹಾವಿಗೆ ಕಣ್ಣು ಮತ್ತು ಮೂಗಿನ ನಡುವೆ ಶಾಖ ಗುರುತಿಸುವ ಕುಳಿ ಇದೆ. ಕತ್ತಲಲ್ಲಿ ಬೆಚ್ಚಗಿನ ಮೈ ಅದಕ್ಕೆ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದ ನೆಲ ಅಳಿಲು ಶಾಖ ಕಾಣುವ ರ‍್ಯಾಟಲ್ ಹಾವಿನೆದುರು ಬಾಲವನ್ನು ಬಿಸಿ ಮಾಡಿಕೊಂಡು ಆಡಿಸುತ್ತದೆ. ಶಾಖ ಕಾಣದ ಗೋಫರ್ ಹಾವಿನೆದುರು ಬಾಲ ಆಡಿಸುತ್ತದೆ, ಬಿಸಿ ಮಾಡುವುದಿಲ್ಲ. 2007ರಲ್ಲಿ ಇದು ವರದಿಯಾಯಿತು. ಇರುಳಳಿಲಿಗೆ ಇದನ್ನು ಹಾಗೇ ಎತ್ತಿಕೊಟ್ಟಿದ್ದೇನೆ. ಕಲ್ಪನೆ ಅಂತ ಹೇಳಿದರೆ ಯಾರೂ ನಂಬದ ಸಂಗತಿ, ನಿಜದಲ್ಲಿ ಇದೆ.

ಮೈ ಮಿನುಗುವ ಪ್ರಾಣಿ ಮಾಡಬಹುದಾ?

ನೆಲದ ಮೇಲಿನ ಬೆನ್ನೆಲುಬಿನ ಪ್ರಾಣಿಗಳಲ್ಲಿ ತಾನೇ ಬೆಳಕು ಹೊಮ್ಮಿಸುವ ಒಂದೂ ಗೊತ್ತಿಲ್ಲ. ಮಿಂಚುಹುಳಕ್ಕೆ ಇದೆ, ಮಳೆಗಾಲದ ಕೊಳೆತ ಮರದ ಅಣಬೆಗಿದೆ. ಅಳಿಲಿಗೆ ಬೇಡ.

ಎಷ್ಟು ವರ್ಷ ಕೊಡಬೇಕು?

ಎಚ್ಚರ-ನಿದ್ದೆಯ ಹೊತ್ತು, ಮೈ ಬಣ್ಣ, ಕಣ್ಣಿನ ಗಾತ್ರ ಬದಲಾಗಲು ಕೆಲವು ಲಕ್ಷ ವರ್ಷ ಧಾರಾಳ. ಹೊಸ ಅಂಗ, ಹೊಸ ಇಂದ್ರಿಯಕ್ಕೆ ಹೆಚ್ಚು ಬೇಕು. ಇನ್ನೊಂದು ಕಡೆಯನ್ನೂ ಮರೆಯಬೇಡಿ. ಸ್ಪೇನಿನ ಬಾರ್ಸಿಲೋನಾ ಹತ್ತಿರ ಸಿಕ್ಕ, 1.16 ಕೋಟಿ ವರ್ಷ ಹಳೆಯ ಹಾರುವ ಅಳಿಲಿನ ಅಸ್ಥಿ ಇವತ್ತಿನ ದೊಡ್ಡ ಹಾರುವ ಅಳಿಲನ್ನೇ ಹೋಲುತ್ತದೆ. ಬದುಕು ಸರಿಹೊಂದಿದ ಮೇಲೆ ಕೋಟಿ ವರ್ಷವೂ ಹಾಗೇ ಇರಬಹುದು.

ಬೇರೆ ಗ್ರಹದ ರಾತ್ರಿ ಪ್ರಾಣಿ?

ಮೊದಲು ಆ ಗ್ರಹದ ದಿನ ಎಷ್ಟು ಗಂಟೆ, ಚಂದ್ರ ಇದ್ದಾನಾ ಅಂತ ಬರೆಯಿರಿ. ಒಂದೇ ಮುಖವನ್ನು ಸೂರ್ಯನಿಗೆ ತೋರಿಸುವ ಗ್ರಹದ ಕತ್ತಲೆ ಬದಿಯಲ್ಲಿ ಹಗಲೇ ಬರುವುದಿಲ್ಲ. ಅಲ್ಲಿನದು ಗುಹೆಯ ಜೀವಿಗಳ ಲೆಕ್ಕ, ಬೇರೆಯೇ ವಿಷಯ.

ಬರೆದದ್ದು ಸರಿಯಾಗಿದೆಯಾ ಅಂತ ಪರೀಕ್ಷಿಸೋದು ಹೇಗೆ?

ಒಂದು ಇಡೀ ದಿನವನ್ನು ಗಂಟೆ ಗಂಟೆಗೆ ಬರೆಯಿರಿ. ಹಗಲು ಎಲ್ಲಿ ಮಲಗಿತ್ತು ಅನ್ನೋದರಿಂದ ಶುರು ಮಾಡಿ, ಹೆಚ್ಚಿನವರು ಬಿಟ್ಟುಬಿಡುವುದೇ ಅದನ್ನು. ಘಟ್ಟದ ಕಪ್ಪೆಬಾಯಿ ಹಕ್ಕಿ ಹಗಲೆಲ್ಲ ಒಣಗಿದೆಲೆಯ ಹಾಗೆ ಕೊಂಬೆಯ ಮೇಲೆ ಕೂತಿರುತ್ತದೆ. ಇರುಳಳಿಲಿಗೆ ಪೊಟರೆ ಬೇಕು, ಪೊಟರೆಗೆ ಗಿಳಿ, ಮೈನಾಗಳ ಪೈಪೋಟಿ ಇದೆ. ಆಮೇಲೆ ಎಷ್ಟು ಹೊತ್ತಿಗೆ ಎದ್ದಿತು, ಮೊದಲ ತುತ್ತು ಎಲ್ಲಿ ಸಿಕ್ಕಿತು, ಗೂಬೆ ಕೂಗಿದಾಗ ಏನು ಮಾಡಿತು ಅಂತ ಬರೆಯಿರಿ. ನಮ್ಮ ಅಕ್ಷಾಂಶದಲ್ಲಿ ರಾತ್ರಿ ವರ್ಷವಿಡೀ ಹೆಚ್ಚುಕಡಿಮೆ 11ರಿಂದ 13 ಗಂಟೆ. ಅಷ್ಟರೊಳಗೆ ಹೊಟ್ಟೆ ತುಂಬಬೇಕು. ಬೇಸಿಗೆಯ ಹುಣ್ಣಿಮೆಗೆ ಒಂದು, ಜುಲೈ ಅಮಾವಾಸ್ಯೆಗೆ ಒಂದು, ಹೀಗೆ ಎರಡು ದಿನಚರಿ ಬರೆದರೆ ಪ್ರಾಣಿಯ ಹುಳುಕೆಲ್ಲ ಹೊರಗೆ ಬರುತ್ತದೆ.

ನಿಜವಾದ ರಾತ್ರಿ ಪ್ರಾಣಿ ನೋಡಲು ಹೋಗಬಹುದಾ?

ಹೋಗಿ, ಆದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಕಾಡಿಗೆ ಕಾಲಿಡಬೇಡಿ. ಊರಂಚಿನ ತೋಟವೇ ಸಾಕಷ್ಟು ಕಲಿಸುತ್ತದೆ. ಟಾರ್ಚಿಗೆ ಕೆಂಪು ಕಾಗದ ಕಟ್ಟಿ. ಬೆಳಕು ಆರಿಸಿ ಅರ್ಧ ಗಂಟೆ ಕೂತರೆ ನಿಮ್ಮ ಕಣ್ಣು ಕತ್ತಲಿಗೆ ಹೊಂದುತ್ತದೆ. ಮೊಬೈಲ್ ತೆಗೆದರೆ ಆ ಅರ್ಧ ಗಂಟೆ ಮತ್ತೆ ಮೊದಲಿನಿಂದ. ಕಾಡುಪಾಪ ಕಂಡರೆ ಮುಖಕ್ಕೆ ಬೆಳಕು ಹಿಡಿಯಬೇಡಿ, ಫ್ಲ್ಯಾಶ್ ಹಾಕಿ ಫೋಟೋ ತೆಗೆಯಬೇಡಿ.